ಚಿಮ್ಮಡಕ್ಕೆ 55 ಲೀಟರ್, ಬನಹಟ್ಟಿಗೆ 135

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಎರೆಭೂಮಿಯಲ್ಲಿ, ಮಹಾಲಿಂಗಪುರ ಹಾಗೂ ರಬಕವಿ-ಬನಹಟ್ಟಿ ಪಟ್ಟಣಗಳ ನೆರೆಯಲ್ಲಿ ಚಿಮ್ಮಡ ಎಂಬ ಗ್ರಾಮವಿದೆ. ಬಹುಕಾಲ ಜಮಖಂಡಿ ತಾಲೂಕಿಗೆ ಸೇರಿದ್ದ ಈ ಊರು ಈಗ ರಬಕವಿ-ಬನಹಟ್ಟಿ ತಾಲೂಕಿನಲ್ಲಿದೆ. ಕಚೇರಿಯ ಕೆಲಸಕ್ಕೆ, ಕಾಲೇಜಿಗೆ, ದವಾಖಾನೆಗೆ, ಜವಳಿ ಪೇಟೆಗೆ ಅಲ್ಲಿನ ಜನ ಹೋಗುವುದು ಪಕ್ಕದ ಪಟ್ಟಣಕ್ಕೇ. ಕೆಲವೇ ಕಿಲೋಮೀಟರುಗಳ ಈ ದಾರಿಯಲ್ಲಿ ದಾಟಲಾಗದ ಬೆಟ್ಟವಾಗಲಿ ಹೊಳೆಯಾಗಲಿ ಇಲ್ಲ, ಕಬ್ಬಿನ ಹೊಲಗಳಿವೆ. ಆದರೆ ಸರಕಾರದ ಕಡತದಲ್ಲಿ ಒಂದು ಗ್ರಾಮ ಪಂಚಾಯಿತಿ, ಇನ್ನೊಂದು ನಗರಸಭೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಗ್ರಾಮದ ಪ್ರತಿಯೊಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ನಿಗದಿಗೊಳಿಸಿತು. ಒಳಚರಂಡಿಯುಳ್ಳ ಪಟ್ಟಣಕ್ಕೆ ನಗರ ಯೋಜನೆಗಳು ಗೊತ್ತುಪಡಿಸಿರುವ ಪ್ರಮಾಣ 135 ಲೀಟರ್.

ಹಳ್ಳಿಯವನ ಬಾಯಾರಿಕೆ ಪೇಟೆಯವನ ಬಾಯಾರಿಕೆಗಿಂತ ಕಡಿಮೆ ಎಂದು ಯಾವ ಎಂಜಿನಿಯರನೂ ಹೇಳಲಾರ. ಈ ಅಂತರಕ್ಕೆ ಕಾರಣ ಬೇರೆ. ಪಟ್ಟಣದ ಲೆಕ್ಕದಲ್ಲಿ ಕುಡಿಯುವ, ಅಡುಗೆಯ, ಸ್ನಾನದ ನೀರಿನ ಜೊತೆಗೆ ಮಲವನ್ನು ಕೊಳವೆಯಲ್ಲಿ ಕೊಚ್ಚಿಕೊಂಡು ಹೋಗುವ ನೀರೂ ಸೇರಿದೆ. ಸಾಕಷ್ಟು ನೀರು ಹರಿಯದಿದ್ದರೆ ಒಳಚರಂಡಿಯ ಕೊಳವೆ ಕಟ್ಟಿಕೊಳ್ಳುತ್ತದೆ. ಹೀಗೆ ಕೊಚ್ಚಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಶುದ್ಧೀಕರಣ ಘಟಕ ಇಲ್ಲದ, ಅಥವಾ ಇದ್ದೂ ನಡೆಯದ ಪಟ್ಟಣಗಳಲ್ಲಿ ಅದು ಹಳ್ಳ ಸೇರಿ, ಹಳ್ಳದ ಕೆಳಗಿರುವ ಊರಿನ ಹೊಲಕ್ಕೆ ಇಳಿಯುತ್ತದೆ. ನೀರು ಹಂಚುವಾಗ ಹೊರಗಿಟ್ಟ ಹಳ್ಳಿಯನ್ನು ಕೊಳಚೆ ಬಿಡುವಾಗ ಮಾತ್ರ ಪಟ್ಟಣ ತನ್ನ ನೆರೆಯವನೆಂದು ಗುರುತಿಸುತ್ತದೆ.

ಬಯಲುಸೀಮೆಯ ಈ ಸಂಗತಿ ಮಲೆನಾಡಿನ ಓದುಗರಿಗೆ ದೂರದ್ದೆನಿಸಬಹುದು. ಆದರೆ ರಬಕವಿಯ ಪಕ್ಕದಲ್ಲಿ ಹರಿಯುವ ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದ ಬೆಟ್ಟಗಳಲ್ಲಿ. ಮುಧೋಳದ ಘಟಪ್ರಭೆಯೂ ಸಹ್ಯಾದ್ರಿಯ ಮಗಳೇ. 2019ರ ಬೇಸಿಗೆಯಲ್ಲಿ ಕೃಷ್ಣಾ ಪಾತ್ರ ಬತ್ತಿದಾಗ ಕೊಯ್ನಾ ಜಲಾಶಯದಿಂದ ಕುಡಿಯಲು ನೀರು ಬಿಡಿರೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಘಟ್ಟದ ಮೇಲೆ ಸುರಿದ ಮಳೆಗೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಉಕ್ಕಿ ಜಮಖಂಡಿ, ಮುಧೋಳ ಭಾಗದ ಹಳ್ಳಿಗಳು ಜಲಾವೃತವಾದವು, ಮಣ್ಣಿನ ಗೋಡೆಯ ಮನೆಗಳು ಕುಸಿದವು. ನಾಲ್ಕು ತಿಂಗಳೊಳಗೆ ಬರವನ್ನೂ ಪ್ರವಾಹವನ್ನೂ ಕಂಡ ಆ ಸೀಮೆಯ ಭವಿಷ್ಯ ಘಟ್ಟದ ಕಾಡಿನ ಸ್ಥಿತಿಗೆ ಕಟ್ಟುಬಿದ್ದಿದೆ. ಪಟ್ಟಣಗಳ ದಾಹ ಯಾವ ರೀತಿ ಬೆಳೆಯುತ್ತದೆ ಎಂಬುದರ ಮೇಲೆ ಘಟ್ಟದ ಭವಿಷ್ಯವೂ ನಿಂತಿದೆ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದನ್ನು ಇಲ್ಲಿನ ವಿದ್ಯಾರ್ಥಿಗಳು ಮರೆತಿರಲಾರರು. ಆದುದರಿಂದ ನಗರಾಭಿವೃದ್ಧಿ ಎಂಬುದು ನಗರದವರಷ್ಟೇ ಓದಬೇಕಾದ ವಿಷಯವಲ್ಲ.

ಈ ಯೋಜನೆಗಳ ವಂಶಾವಳಿ ದೀರ್ಘವಾಗಿದೆ. ಪಟ್ಟಣದ ಬಡವರ ಉದ್ಯೋಗಕ್ಕೆಂದು 1997ರ ಡಿಸೆಂಬರಿನಲ್ಲಿ ಸ್ವರ್ಣ ಜಯಂತಿ ಶಹರಿ ರೋಜಗಾರ್ ಯೋಜನೆ ಬಂದಿತು. 2005ರ ಡಿಸೆಂಬರ್ 3ರಂದು ಜವಾಹರಲಾಲ್ ನೆಹರೂ ನಗರ ನವೀಕರಣ ಮಿಷನ್ ಆರಂಭವಾಯಿತು. ಕರ್ನಾಟಕದಿಂದ ಅದಕ್ಕೆ ಆಯ್ಕೆಯಾದವು ಬೆಂಗಳೂರು ಮತ್ತು ಮೈಸೂರು. ಉಳಿದ ಪಟ್ಟಣಗಳಿಗೆ ಅದರ ಎರಡು ಕಿರಿಯ ಶಾಖೆಗಳನ್ನು ಮೀಸಲಿಟ್ಟರು: ನೀರು, ರಸ್ತೆ, ಚರಂಡಿಗೆ ಒಂದು; ವಸತಿ ಹಾಗೂ ಕೊಳೆಗೇರಿ ಸುಧಾರಣೆಗೆ ಇನ್ನೊಂದು. 2013ರಲ್ಲಿ ರೋಜಗಾರ್ ಯೋಜನೆಯನ್ನು ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಆಗಿ ಪುನರ್‌ರಚಿಸಲಾಯಿತು. 2015ರ ಜೂನ್ 25ರಂದು ಸ್ಮಾರ್ಟ್ ಸಿಟಿ, ಅಮೃತ್, ಪ್ರಧಾನಮಂತ್ರಿ ಆವಾಸ್ ಈ ಮೂರೂ ಒಂದೇ ದಿನ ಉದ್ಘಾಟನೆಗೊಂಡವು. ಹೆಸರುಗಳು ಬದಲಾದಷ್ಟು ವೇಗವಾಗಿ ಚರಂಡಿಗಳು ಬದಲಾಗಲಿಲ್ಲ ಎಂಬುದು ಯಾವುದೇ ಸಣ್ಣ ಪಟ್ಟಣದ ಹಿಂದಿನ ಓಣಿಗಳಲ್ಲಿ ನಡೆದವರಿಗೆ ತಿಳಿದ ವಿಷಯ.

ಅಮೃತ್ ಯೋಜನೆಯ ಮೊದಲ ಹಂತ ಮುಖ್ಯವಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮೀಸಲಾಗಿತ್ತು. ಬಾಗಲಕೋಟೆ ನಗರ ಆ ಪಟ್ಟಿಯಲ್ಲಿ ಸೇರಿತು. 2011ರ ಜನಗಣತಿಯಲ್ಲಿ ಸುಮಾರು 77 ಸಾವಿರ ಜನರಿದ್ದ ರಬಕವಿ-ಬನಹಟ್ಟಿ ಸೇರಲಿಲ್ಲ. ಜಮಖಂಡಿ, ಮುಧೋಳಗಳೂ ಸೇರಲಿಲ್ಲ. ಬೀಳಗಿಯ ಮಾತಂತೂ ದೂರ. ಒಂದರ ಮಗ್ಗುಲಲ್ಲಿ ಒಂದಿರುವ ರಬಕವಿ-ಬನಹಟ್ಟಿ, ಮಹಾಲಿಂಗಪುರ, ತೇರದಾಳಗಳನ್ನು ಕೂಡಿಸಿ ಎಣಿಸಿದ್ದರೆ ಲಕ್ಷದ ಗಡಿ ಸುಲಭವಾಗಿ ದಾಟುತ್ತಿತ್ತು. ನಡುವಿನ ಚಿಮ್ಮಡದಂಥ ಹಳ್ಳಿಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಆದರೆ ಎಣಿಕೆ ನಡೆಯುವುದು ಸ್ಥಳೀಯ ಸಂಸ್ಥೆಯ ಗಡಿಯೊಳಗೆ ಮಾತ್ರ. ಈ ತಪ್ಪಿನ ಅರಿವಾಗಿ 2021ರ ಅಕ್ಟೋಬರಿನಲ್ಲಿ ಆರಂಭವಾದ ಎರಡನೆಯ ಹಂತದಲ್ಲಿ ನೀರು ಪೂರೈಕೆಯನ್ನು ಎಲ್ಲ ಪಟ್ಟಣಗಳಿಗೂ ವಿಸ್ತರಿಸಿದರು. ಆರು ವರ್ಷ ತಡವಾಗಿ ಬಂದ ತಿದ್ದುಪಡಿಯಾದರೂ ಅದು ಸ್ವಾಗತಾರ್ಹವೇ. ಗ್ರಾಮದ ಗಡಿಗೆ ಬಂದು ಅದೂ ನಿಂತಿತು.

ವಸತಿಯ ವಿಷಯದಲ್ಲಿ ಸಮಸ್ಯೆ ಇನ್ನೂ ಆಳವಾಗಿದೆ. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ ಇವು ನೇಕಾರರ ಊರುಗಳು. ಇಲ್ಲಿ ಮನೆ ಎಂದರೆ ಮಗ್ಗದ ಜಾಗವೂ ಹೌದು. ಯಜಮಾನ ಕುಣಿಮಗ್ಗದಲ್ಲಿ ಕುಳಿತು ಲಾಳಿ ಎಸೆಯುತ್ತಾನೆ, ಹೆಂಡತಿಯೋ ತಾಯಿಯೋ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾಳೆ, ಗೋಡೆಯ ಬದಿಗೆ ನೂಲಿನ ಮೂಟೆ, ಸೂರಿನಡಿ ನೇಯ್ದ ಸೀರೆಗಳ ಕಟ್ಟು, ಉಳಿದ ಮೂಲೆಯಲ್ಲಿ ಒಲೆ. ಇಂಥ ಸಂಸಾರಕ್ಕೆ ನಗರ ವಸತಿ ಯೋಜನೆ ಏನು ಕೊಡುತ್ತದೆ? 2005ರ ಸಮಗ್ರ ವಸತಿ ಯೋಜನೆಯ ಮನೆಗೆ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ: ಎರಡು ಕೋಣೆ, ಅಡುಗೆಮನೆ, ಶೌಚಾಲಯ. ಅದಕ್ಕೂ ಫಲಾನುಭವಿಯ ವಂತಿಗೆ ಕನಿಷ್ಠ ಶೇ. 12, ಪರಿಶಿಷ್ಟರು ಮೊದಲಾದ ದುರ್ಬಲ ವರ್ಗದವರಿಗೆ ಶೇ. 10. 2015ರ ಆವಾಸ್ ಯೋಜನೆಯಲ್ಲಿ ಅತಿ ಬಡವರ ಮನೆ 30 ಚದರ ಮೀಟರಿಗೆ ಏರಿತು. ನಕಾಶೆಯಲ್ಲಿ ಮಂಚಕ್ಕೆ, ಒಲೆಗೆ, ಬಚ್ಚಲಿಗೆ ಸ್ಥಳ ಗುರುತಿಸಿದ್ದಾರೆ. ಮಗ್ಗಕ್ಕೆ ಗುರುತಿಸಿಲ್ಲ.

ಬಹುಮಹಡಿಯ ವಸತಿ ಸಮುಚ್ಚಯವಾದರೆ ನೇಕಾರನ ಪಾಲಿಗೆ ಅದು ಮನೆಯೇ ಅಲ್ಲ. ಕುಣಿಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಬೇಕು. ನೇಕಾರ ಆ ಕುಣಿಯಲ್ಲಿ ಕಾಲಿಳಿಸಿ ಪಾವಟಿಗೆ ತುಳಿಯುತ್ತಾನೆ. ಮೊದಲ ಮಹಡಿಯ ಸಿಮೆಂಟ್ ನೆಲದಲ್ಲಿ ಕುಣಿ ತೋಡಿದರೆ ಕೆಳಗಿನ ಮನೆಯವರ ಅಡುಗೆಮನೆಗೆ ಇಳಿಯಬೇಕಾದೀತು. ವಿದ್ಯುತ್ ಮಗ್ಗವಾದರೆ ಅದರ ಅದುರುವಿಕೆಗೆ ಗಟ್ಟಿ ನೆಲ ಬೇಕು, ಅದರ ಸದ್ದಿಗೆ ಒಪ್ಪುವ ನೆರೆಹೊರೆ ಬೇಕು, ಮನೆಯ ಸಂಪರ್ಕಕ್ಕಿಂತ ಬೇರೆಯಾದ ವಿದ್ಯುತ್ ಸಂಪರ್ಕ ಬೇಕು. 2023ರಲ್ಲಿ ರಾಜ್ಯ ಸರಕಾರವು 10 ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಘೋಷಿಸಿತು. ಜವಳಿ ಇಲಾಖೆ ಮಗ್ಗಕ್ಕೆ ವಿದ್ಯುತ್ ಕೊಡುವಾಗ ವಸತಿ ಇಲಾಖೆ ಮಗ್ಗವಿಡಲಾಗದ ಮನೆಯನ್ನು ಕಟ್ಟಿದರೆ ಎರಡೂ ಕಡೆಯ ಹಣ ವ್ಯರ್ಥ. ಸರಕಾರಕ್ಕೆ ಇದು ಗೊತ್ತೇ ಇರಲಿಲ್ಲ ಎನ್ನಲಾಗದು. ಕೈಮಗ್ಗ ನೇಕಾರರಿಗೆ ಮನೆಯ ಜೊತೆಗೇ ನೇಯ್ಗೆಯ ಕೊಠಡಿಯನ್ನೂ ಕಟ್ಟಿಕೊಡುವ ಕೇಂದ್ರದ ಯೋಜನೆ 1980ರ ದಶಕದಲ್ಲೇ ಇತ್ತು. ಒಂದು ಇಲಾಖೆಗೆ ಆಗಲೇ ಹೊಳೆದಿದ್ದ ಸಂಗತಿ ಇನ್ನೊಂದು ಇಲಾಖೆಯ ಮಾರ್ಗಸೂಚಿಗೆ ದಾಟಿಬರಲಿಲ್ಲ, ಅಷ್ಟೆ.

ಮಣ್ಣಿನ ಮಾತನ್ನೂ ಇಲ್ಲಿ ಆಡಬೇಕು. ಈ ಸೀಮೆಯ ಎರೆಮಣ್ಣಿನಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಅಗಲದ ಬಿರುಕುಗಳು ಬೀಳುತ್ತವೆ. ಮಲೆನಾಡಿನ ಜಂಬಿಟ್ಟಿಗೆ ನೆಲದ ಮೇಲೆ ಮನೆ ಕಟ್ಟಿದವರಿಗೆ ಈ ಚಲನೆಯ ಅಂದಾಜು ಆಗುವುದು ಕಷ್ಟ. ಎಲ್ಲೆಡೆಗೂ ಒಂದೇ ನಕಾಶೆ, ಒಂದೇ ಅಡಿಪಾಯದ ಆಳ ಎಂದು ಕಟ್ಟಿದ ಗೋಡೆ ಇಂಥ ನೆಲದಲ್ಲಿ ಎರಡನೆಯ ಬೇಸಿಗೆಗೇ ಸೀಳಬಹುದು. ನೆಲದಡಿಯ ಕೊಳವೆಗಳ ಕೀಲುಗಳೂ ಹಾಗೆಯೇ ಸಡಿಲಗೊಳ್ಳುತ್ತವೆ. ಕುಡಿಯುವ ನೀರು ಸೋರುತ್ತದೆ, ಚರಂಡಿಯ ನೀರು ಅದರೊಳಗೆ ನುಸುಳುತ್ತದೆ. ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆ, ಮಣ್ಣಿನ ಮೇಲ್ಛಾವಣಿಗಳು ಬಿಸಿಲಿಗೆ ತಂಪಾಗಿದ್ದವು, ನಿಜ. ಆದರೆ 2019ರ ನೆರೆಯಲ್ಲಿ ಮೊದಲು ಬಿದ್ದವೂ ಅಂಥವೇ. ಆದುದರಿಂದ ಹಳೆಯದಕ್ಕೆ ಮರಳಿ ಎಂಬ ಸಲಹೆ ಉತ್ತರವಾಗದು. ಸ್ಥಳದ ಮಣ್ಣನ್ನು ಪರೀಕ್ಷಿಸಿ ಅಡಿಪಾಯ ನಿರ್ಧರಿಸುವುದು ದೊಡ್ಡ ವಿಜ್ಞಾನವೇನಲ್ಲ. ತಾಲೂಕಿಗೊಂದು ನಕಾಶೆಯಾದರೂ ಬೇಕೆಂದು ಕೇಳುವ ಅಧಿಕಾರ ನಗರಸಭೆಗಾಗಲಿ ಪಂಚಾಯಿತಿಗಾಗಲಿ ಇರಬೇಕು.

ಜೀವನೋಪಾಯದ ಯೋಜನೆಗಳಲ್ಲಿ ಒಂದು ಮಾತ್ರ ಗಡಿಯನ್ನು ದಾಟಿತು ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. 2020ರ ಲಾಕ್‌ಡೌನಿನಲ್ಲಿ ಪೇಟೆಗಳು ಮುಚ್ಚಿ, ಮಗ್ಗಗಳೂ ಸ್ತಬ್ಧವಾಗಿದ್ದಾಗ ಬೀದಿ ವ್ಯಾಪಾರಿಗಳಿಗೆಂದು ಪಿಎಂ ಸ್ವನಿಧಿ ಸಾಲ ಯೋಜನೆ ಆರಂಭವಾಯಿತು. ಆಗ ಮೊದಲ ಕಂತು 10 ಸಾವಿರ ರೂಪಾಯಿ ಇತ್ತು, ಸರಿಯಾಗಿ ತೀರಿಸಿದವರಿಗೆ ಮುಂದೆ 20 ಮತ್ತು 50 ಸಾವಿರ ಸಿಗುತ್ತಿತ್ತು. ಪಟ್ಟಣದ ಮಿತಿಯಲ್ಲಿ ವ್ಯಾಪಾರ ಮಾಡುವ ಸುತ್ತಲಿನ ಹಳ್ಳಿಯವರೂ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಪಡೆದರೆ ಈ ಸಾಲಕ್ಕೆ ಅರ್ಹರು ಎಂದು ಅದರ ನಿಯಮ ಹೇಳಿತು. ಅಂದರೆ ಚಿಮ್ಮಡದಿಂದ ಕಾಯಿಪಲ್ಲೆಯ ಬುಟ್ಟಿ ಹೊತ್ತು ಬನಹಟ್ಟಿಗೆ ಬರುವ ಹೆಣ್ಣುಮಗಳು ಸಾಲದ ಮಟ್ಟಿಗೆ ಪಟ್ಟಣದವಳು. ನಲ್ಲಿಯ ಮುಂದೆ ನಿಂತಾಗ ಆಕೆ ಮತ್ತೆ 55 ಲೀಟರಿನ ಗ್ರಾಮಸ್ಥೆ. ಮನೆಗೆ ಅರ್ಜಿ ಹಾಕಿದರೆ ಬೇರೆ ಇಲಾಖೆ, ಬೇರೆ ಪಟ್ಟಿ, ಬೇರೆ ಮೊತ್ತ. ಸಾಲ ಕೊಡುವಾಗ ಸಾಧ್ಯವಾದ ತಿಳಿವಳಿಕೆ ನೀರು ಕೊಡುವಾಗ ಏಕೆ ಅಸಾಧ್ಯ?

ಮನೆ, ನೀರು, ದುಡಿಮೆ ಮೂರನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಇದೇ ಜಿಲ್ಲೆಯ ಕೇಂದ್ರಕ್ಕೆ ಹೋದರೆ ಸಾಕು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಹಿನ್ನೀರಿನಲ್ಲಿ ಮುಳುಗಲಿದ್ದ ಬಾಗಲಕೋಟೆಯ ಜನರಿಗಾಗಿ ನವನಗರ ತಲೆಯೆತ್ತಿತು. ಅದನ್ನು ರೂಪಿಸಿದವರು ಚಾರ್ಲ್ಸ್ ಕೊರಿಯಾ, ದೇಶದ ಅಗ್ರಮಾನ್ಯ ವಾಸ್ತುಶಿಲ್ಪಿ. ವಿಶಾಲವಾದ ರಸ್ತೆ, ಸೆಕ್ಟರುಗಳು, ಶಾಲೆ, ಉದ್ಯಾನ: ಕಾಗದದ ಮೇಲೆ ಕೊರತೆಯಿರಲಿಲ್ಲ. ಆದರೆ ಹಳೆಯ ಊರಿನ ಪೇಟೆ ನಕಾಶೆಯ ಹಿಂದೆ ಹೊರಟು ಬರಲಿಲ್ಲ. ಇಂದಿಗೂ ಬಾಗಲಕೋಟೆ ಹಳೆಯ ಊರು, ವಿದ್ಯಾಗಿರಿ, ನವನಗರ ಎಂದು ಮೂರು ತುಂಡಾಗಿ ಬದುಕುತ್ತಿದೆ; ಒಂದರಿಂದ ಒಂದಕ್ಕೆ ಓಡಾಡುವ ಆಟೋ, ಬಸ್ಸಿನ ಖರ್ಚು ಪುನರ್ವಸತಿಯ ಯಾವ ಲೆಕ್ಕದಲ್ಲೂ ಇಲ್ಲ. ಮನೆಯನ್ನು ಅಳೆಯುವುದು ಸುಲಭ. ಹಮಾಲನಿಗೆ ಅಡತಿ ಅಂಗಡಿ ಎಷ್ಟು ಹತ್ತಿರವಿತ್ತು, ಉದ್ರಿ ಕೊಡುವ ಕಿರಾಣಿಯವನು ಯಾವ ಓಣಿಯಲ್ಲಿದ್ದನು, ನೂಲು ಕೊಟ್ಟು ಸೀರೆ ಒಯ್ಯುವ ವ್ಯಾಪಾರಿ ಎಲ್ಲಿದ್ದನು, ಇವುಗಳನ್ನು ಅಳೆಯಲು ಟೇಪು ಸಾಲದು. ಲಿಂಗನಮಕ್ಕಿಯಿಂದ ಎದ್ದುಬಂದು ಆರು ದಶಕ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಶರಾವತಿ ಸಂತ್ರಸ್ತರ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಮುಗಿದ ಕಥೆಯೂ ಅಲ್ಲ. ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರ ಡಿಸೆಂಬರ್ 30ರ ತೀರ್ಪಿನಲ್ಲಿ ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ನೀಡಿತು. ಏರಿಸಿದರೆ ಇನ್ನೂ 20 ಹಳ್ಳಿಗಳು, ಬಾಗಲಕೋಟೆ ನಗರದ ಉಳಿದ ತಗ್ಗು ಭಾಗಗಳು, ಬೀಳಗಿ, ಜಮಖಂಡಿ ಕಡೆಯ ಫಲವತ್ತಾದ ಹೊಲಗಳು ನೀರಿನಡಿ ಸೇರುತ್ತವೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ದಶಕಗಳ ಕಾಲ ಅನಿಶ್ಚಿತತೆಯಲ್ಲಿ ಬೇಯುತ್ತಿದ್ದ ರೈತರಿಗೆ ಒಂದು ಬೆಲೆಯಾದರೂ ಗೊತ್ತಾಯಿತು. ಆದರೆ ಎಕರೆಯೇ ಇಲ್ಲದವನ ಗತಿ? 2013ರ ಭೂಸ್ವಾಧೀನ ಕಾಯ್ದೆಯು ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು, ಅದರಿಂದಲೇ ಮುಖ್ಯವಾಗಿ ಬದುಕಿದ ಕೃಷಿ ಕೂಲಿಗಳು, ಗೇಣಿದಾರರು, ಪಾಲುಬೇಸಾಯಗಾರರು ಮತ್ತು ಕುಶಲಕರ್ಮಿಗಳನ್ನೂ ಸಂತ್ರಸ್ತ ಕುಟುಂಬವೆಂದು ಕರೆದಿದೆ. ಆ ಒಂದು ಸಾಲು ಕಂದಾಯ ಇಲಾಖೆಯ ಸಮೀಕ್ಷೆಯ ನಮೂನೆಗೆ ಇಳಿಯುತ್ತದೆಯೇ ಇಲ್ಲವೇ ಎಂಬುದರ ಮೇಲೆ ಸಾವಿರಾರು ಕೂಲಿಕಾರರ ಹಣೆಬರಹ ನಿಂತಿದೆ. ಹೊಲ ಮುಳುಗಿದ ಮೇಲೆ ಅವರು ಹೋಗುವುದು ಎಲ್ಲಿಗೆ? ಜಮಖಂಡಿ, ಮುಧೋಳ, ಬನಹಟ್ಟಿಗಳ ಅಂಚಿನ ಗುಡಿಸಲುಗಳಿಗೆ. ಒಂದು ಇಲಾಖೆ ಎಬ್ಬಿಸಿದವರನ್ನು ಇನ್ನೊಂದು ಇಲಾಖೆ ಕೊಳೆಗೇರಿಯವರೆಂದು ನೋಂದಾಯಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಒಂದು ಕೋಟಿ ಮನೆಗಳ ಗುರಿಯೊಂದಿಗೆ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯಲ್ಲಿಯೂ ಸ್ವಂತ ಮನೆ ಕಟ್ಟಿಕೊಳ್ಳಲು ನೆರವು ಬೇಕಾದರೆ ನಿವೇಶನದ ದಾಖಲೆ ಕೇಳುತ್ತಾರೆ. ಮುಳುಗಡೆಯ ಕೂಲಿಕಾರ ಯಾವ ದಾಖಲೆ ತಂದಾನು?

ಜನರಿಗೆ ಯೋಜನೆ ಮಾಡಲು ಬಾರದು ಎಂಬ ಮಾತು ಜಮಖಂಡಿಯ ಮಟ್ಟಿಗೆ ಸುಳ್ಳು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಕೂಡಿಸಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರಾಯಿತು. ಆ ನೀರು ಕಬ್ಬನ್ನು ಮಿತಿಮೀರಿ ಹೆಚ್ಚಿಸಿತು, ಅತಿ ನೀರಿನಿಂದ ಎರೆಭೂಮಿ ಜೌಗು, ಸವಳಾಗುವ ಅಪಾಯವನ್ನೂ ತಂದಿತು ಎಂಬ ಆಕ್ಷೇಪಣೆ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ತಮಗೆ ಬೇಕಾದುದನ್ನು ತಾವೇ ಗೊತ್ತುಮಾಡಿ, ಅಳೆದು, ಕಟ್ಟಿದ ಜನರಿರುವ ತಾಲೂಕಿನಲ್ಲಿ ಓಣಿಯ ಚರಂಡಿಯ ನಕಾಶೆ ಮಾತ್ರ ದೂರದ ಸಲಹಾ ಸಂಸ್ಥೆಯ ಕಂಪ್ಯೂಟರಿನಿಂದಲೇ ಬರಬೇಕೆಂಬ ಪದ್ಧತಿ ವಿಚಿತ್ರವಾಗಿದೆ.

ಇದಕ್ಕೆ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ, ಅದು ಸಂವಿಧಾನದಲ್ಲಿದೆ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯ 243-ಝಡ್‌ಡಿ ವಿಧಿಯಂತೆ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು. ಪಂಚಾಯಿತಿಗಳ ಮತ್ತು ಪುರಸಭೆ, ನಗರಸಭೆಗಳ ಯೋಜನೆಗಳನ್ನು ಅದು ಒಗ್ಗೂಡಿಸಬೇಕು; ಇಬ್ಬರಿಗೂ ಸಂಬಂಧಿಸಿದ ನೀರಿನ ಹಂಚಿಕೆ, ಭೂಬಳಕೆ, ಮೂಲಸೌಕರ್ಯ, ಪರಿಸರ ಸಂರಕ್ಷಣೆಯನ್ನು ಲಕ್ಷ್ಯದಲ್ಲಿಡಬೇಕು. ಚಿಮ್ಮಡ ಮತ್ತು ಬನಹಟ್ಟಿಯನ್ನು ಒಂದೇ ಮೇಜಿಗೆ ಕೂರಿಸುವ ವ್ಯವಸ್ಥೆ ಇದೇ. ಆದರೆ ಇತರರು ಸಿದ್ಧಪಡಿಸಿದ ಪಟ್ಟಿಗಳನ್ನು ಹೊಲಿದು ಅನುಮೋದಿಸುವ ಸಭೆಯಾಗಿಯೇ ಅದು ಬಹುತೇಕ ಉಳಿದಿದೆ. ಆ ಸಮಿತಿಯ ಮುಂದೆ ಬಾಗಲಕೋಟೆ ಜಿಲ್ಲೆಯ ಪಂಚಾಯಿತಿಗಳೂ ನಗರಸಭೆಗಳೂ ಕೂಡಿ ಇಡಬಹುದಾದ ಬೇಡಿಕೆಗಳು ಸ್ಪಷ್ಟವಾಗಿವೆ. ಪಟ್ಟಣದ ನೀರಿನ ಕೊಳವೆ ಹಾದುಹೋಗುವ ಹಳ್ಳಿಗೂ ಅದೇ ಪ್ರಮಾಣದ ನೀರು, ಕೊಳಚೆ ಶುದ್ಧೀಕರಣ ಘಟಕ ನಡೆಯದೆ ಹೊಸ ಒಳಚರಂಡಿಗೆ ನೀರು ಬಿಡದಿರುವುದು, ನೇಕಾರ ಕುಟುಂಬಕ್ಕೆ ನೆಲಮಹಡಿಯಲ್ಲಿ ಮಗ್ಗದ ಕೊಠಡಿ ಸಹಿತ ಮನೆ, ಆಲಮಟ್ಟಿಯ ಹೊಸ ಪುನರ್ವಸತಿ ಕೇಂದ್ರಗಳ ನಕಾಶೆ ಬರೆಯುವ ಮೊದಲು ಭೂರಹಿತರ ದುಡಿಮೆಯ ಸಮೀಕ್ಷೆ.

ಮಲೆನಾಡಿನಲ್ಲಿಯೂ ಗ್ರಾಮ ಪಂಚಾಯಿತಿಗಳನ್ನು ಪಟ್ಟಣ ಪಂಚಾಯಿತಿಗಳನ್ನಾಗಿ ಮೇಲ್ದರ್ಜೆಗೇರಿಸುವ ಉತ್ಸಾಹ ಕಾಣುತ್ತಿದೆ. ಮೇಲ್ದರ್ಜೆಗೆ ಏರಿದ ದಿನವೇ ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸ ನಿಲ್ಲುತ್ತದೆ, ತೆರಿಗೆ ಏರುತ್ತದೆ. ತೋಟದ ನಡುವೆ ಅರ್ಧ ಮೈಲಿಗೊಂದರಂತೆ ಹರಡಿದ ಮನೆಗಳಿಗೆ ನಗರ ಯೋಜನೆಯ ಚರಂಡಿ ತಲುಪುವುದು ಯಾವಾಗಲೋ. ಹಾಗೊಂದು ಪ್ರಸ್ತಾಪ ಗ್ರಾಮಸಭೆಗೆ ಬಂದಾಗ ಕೈ ಎತ್ತುವ ಮೊದಲು, ಎಷ್ಟು ಲೀಟರ್ ನೀರು, ಅದನ್ನು ಯಾವ ಹಳ್ಳದಿಂದ ತರುತ್ತೀರಿ, ಬಳಸಿದ್ದನ್ನು ಯಾವ ಹಳ್ಳಕ್ಕೆ ಬಿಡುತ್ತೀರಿ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳುವುದು ಗ್ರಾಮಸ್ಥರ ಹಕ್ಕು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿಕೊಳ್ಳುವ ಕೆಲಸವನ್ನು ಊರಿನ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು.